ಶುಕ್ರವಾರದ ಮೂರು ವಾಕ್ಯಗಳು

ಇಂಗ್ಲಿಷ್ ಟೀಚರ್ ಎಂದರೆ ಇಂಗ್ಲಿಷ್ ಕಲಿಸುವವಳು ಎಂದು ಹೊರಗಿನವರು ತಿಳಿದಿರುತ್ತಾರೆ. ಮೂವತ್ತು ವರ್ಷ ಅದನ್ನೇ ಮಾಡಿ ಮನೆಗೆ ಬಂದವಳಾಗಿ ಹೇಳುತ್ತೇನೆ, ಅದು ಬಹುಮಟ್ಟಿಗೆ ನೋಟ್‌ಬುಕ್ ಹೊರುವ ಕೆಲಸ. ನನ್ನ ಎಡ ಭುಜ ಬಲ ಭುಜಕ್ಕಿಂತ ಒಂದಿಷ್ಟು ಕೆಳಗಿದೆ. ಮೂಳೆ ಡಾಕ್ಟರು ಕಾರಣ ಕೇಳಿದಾಗ, "ಎಂಟನೇ ಕ್ಲಾಸು, ಬಿ ಸೆಕ್ಷನ್" ಎಂದೆ. ಅವರು ನಗಲಿಲ್ಲ. ಅವರ ಹೆಂಡತಿಯೂ ಟೀಚರಂತೆ.

ನನ್ನ ತಂಗಿಯ ಮಗಳು ಈ ವರ್ಷ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಸೇರಿದ್ದಾಳೆ. "ದೊಡ್ಡಮ್ಮ, ಟ್ರೈನಿಂಗಲ್ಲಿ ಹೇಳ್ದೇ ಇರೋದು ಏನಾದ್ರೂ ಇದ್ರೆ ಹೇಳ್ರಿ" ಎಂದಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರದ ವಿಷಯ ಇದರಲ್ಲಿಲ್ಲ. ಒಂದು ಪಾಠದ ಕಥೆ ಮಾತ್ರ ಇದೆ, ನಾನು ಅತಿ ಚೆನ್ನಾಗಿ ಮಾಡುತ್ತೇನೆಂದು ಬೀಗುತ್ತಿದ್ದ ಪಾಠ.

ದಾವಣಗೆರೆಯಿಂದ ಬಂದು ಹಲಸೂರಿನ ಒಂದು ಶಾಲೆಗೆ ಸೇರಿದಾಗ ನನಗೆ ಬೆಂಗಳೂರೇ ಹೊಸದು. ನನ್ನ ತರಗತಿಯ ಮಕ್ಕಳು ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಮಾತಾಡುವವರು. ಸಿನಿಮಾ ಪೋಸ್ಟರಿನ ಇಂಗ್ಲಿಷು ಬೇರೆ. ಅಷ್ಟೆಲ್ಲ ಬರುವ ಮಕ್ಕಳಿಗೆ ಪುಸ್ತಕದ ಇಂಗ್ಲಿಷ್ ಎಂದರೆ ಹೆದರಿಕೆ. ಎಂಟನೇ ತರಗತಿಯಲ್ಲಿ ಹೋಲಿಕೆಯ ಪಾಠವಿತ್ತು. ಒಂದಕ್ಕಿಂತ ಇನ್ನೊಂದು ದೊಡ್ಡದು, ಎಲ್ಲಕ್ಕಿಂತ ಮತ್ತೊಂದು ದೊಡ್ಡದು ಎಂದು ಹೇಳಲು ಕಲಿಸುವುದು. ಪುಸ್ತಕದಲ್ಲಿ ರಾಮು ಸೋಮುಗಿಂತ ಎತ್ತರವಿದ್ದ. ರಾಮು ಯಾರು, ಸೋಮು ಯಾರು, ಮಕ್ಕಳಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ.

ಪಾಠಕ್ಕೆ ಜೀವ ತುಂಬಬೇಕೆಂದು ನಾನು ಮಕ್ಕಳನ್ನೇ ಎದ್ದು ನಿಲ್ಲಿಸಿದೆ. ಯಾರು ಎತ್ತರ, ಯಾರು ಎಲ್ಲರಿಗಿಂತ ಎತ್ತರ, ಯಾರು ದಪ್ಪ. ತರಗತಿ ನಕ್ಕು ನಕ್ಕು ಕಲಿಯಿತು. ನನಗೂ ಹುರುಪು ಬಂತು, ಯಾರು ಯಾರಿಗಿಂತ ಕಪ್ಪು ಎನ್ನುವವರೆಗೂ ಹೋದೆ. ಆಗ ಮೂರನೇ ಬೆಂಚಿನ ಒಂದು ಹುಡುಗಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು. ಅವಳ ಹೆಸರು ಮರೆತಿದ್ದೇನೆ, ಬಗ್ಗಿದ ತಲೆಯ ಬೈತಲೆ ಮಾತ್ರ ನೆನಪಿದೆ.

ನಮ್ಮ ಹೆಡ್ಮಿಸ್ ಎತ್ತರದ ದನಿಯಲ್ಲಿ ಮಾತಾಡುವವರಲ್ಲ. ಸಂಜೆ ಕರೆಸಿ, ಕೂರಿಸಿ, ಟೀ ತರಿಸಿದರು. ಟೀ ತರಿಸಿದರೆಂದರೆ ಬೈಗುಳ ಇದೆ ಎಂದೇ ಲೆಕ್ಕ.

"ಹೋಲಿಸೋದು ಕಲ್ಸು, ಬೇಡ ಅನ್ನಲ್ಲ. ಆದ್ರೆ ಅಳದೇ ಇರೋ ವಸ್ತುಗಳನ್ನ ಹೋಲಿಸಮ್ಮ" ಎಂದರು.

ಅಳದೇ ಇರುವ ವಸ್ತುಗಳನ್ನು ಹುಡುಕುತ್ತಾ ನಾನು ಗ್ರಹ, ಸಮುದ್ರ, ಬೆಟ್ಟ, ತಿಮಿಂಗಿಲಗಳಿಗೆ ಬಂದು ಮುಟ್ಟಿದೆ. ಅವೆಲ್ಲ ದಿನಪತ್ರಿಕೆಯಲ್ಲಿ ಇದ್ದವು. ಅತಿ ಬಿಸಿಯ ಗ್ರಹ, ಹಿಂದಿನದಕ್ಕಿಂತ ದೊಡ್ಡ ದೂರದರ್ಶಕ, ಕಳೆದ ವರ್ಷಕ್ಕಿಂತ ತೆಳುವಾದ ಹಿಮ, ಅತಿ ವೇಗವಾಗಿ ಕಡಿಮೆಯಾಗುತ್ತಿರುವ ಕಾಡು. ವಿಜ್ಞಾನ ಮತ್ತು ಪರಿಸರದ ಸುದ್ದಿ ಬರೆಯುವವರಿಗೆ ಹೋಲಿಕೆಯಿಲ್ಲದೆ ಒಂದು ಸಾಲೂ ಸಾಗುವುದಿಲ್ಲ. ನನಗೆ ಬೇಕಾದ್ದೂ ಅದೇ ಆಗಿತ್ತು.

ಇಂಗ್ಲಿಷ್ ಪೇಪರು ಸಿಗುತ್ತಿದ್ದುದು ಶಿವಾಜಿನಗರದಲ್ಲಿ, ಬಾಷಾ ಸಾಹೇಬರ ರದ್ದಿ ಅಂಗಡಿಯಲ್ಲಿ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಚಿತ್ರ ನೋಡಿ ವಿಂಗಡಿಸುತ್ತಿದ್ದರು. ರಾಕೆಟ್ಟು, ಮೀನು, ಮರ, ಕನ್ನಡಕದ ಮುದುಕ ಇದ್ದರೆ ನನ್ನ ಕಟ್ಟಿಗೆ. "ಬನ್ನಿ ಅಮ್ಮಾ, ನಿಮ್ದು ಸೈನ್ಸ್ ಮಾಲು ಎತ್ತಿಟ್ಟಿದೀನಿ" ಎಂದು ದೂರದಿಂದಲೇ ಕೂಗುವರು. ಕನ್ನಡಕದ ಮುದುಕರಲ್ಲಿ ಅರ್ಧ ಜನ ರಾಜಕಾರಣಿಗಳಾಗಿರುತ್ತಿದ್ದರು. ಪರವಾಗಿಲ್ಲ, ಅವರ ಭಾಷಣದಲ್ಲೂ 'ಅತಿ ದೊಡ್ಡ' ಎಂಬುದಕ್ಕೆ ಬರವಿರಲಿಲ್ಲ.

ರದ್ದಿಯಲ್ಲಿ ಒಂದು ತೊಂದರೆ ಇತ್ತು, ಯಾವ ವರ್ಷದ ಪೇಪರೆಂದು ಹೇಳುವಂತಿರಲಿಲ್ಲ. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗಲೇ ಇಬ್ಬರು ಹುಡುಗಿಯರು ಎದ್ದು ನಿಂತು ಎರಡು ತುಣುಕು ಓದಿದರು. ಎರಡರಲ್ಲೂ 'ಈ ವರ್ಷವೇ ಅತಿ ಬಿಸಿಯ ವರ್ಷ' ಎಂದಿತ್ತು, ವರ್ಷ ಮಾತ್ರ ಬೇರೆ ಬೇರೆ. ಸಾಹೇಬರು ಯಾವುದು ಸರಿ ಎಂದರು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಒದ್ದೆಯಾಯಿತು. ಓದಿದ ಹುಡುಗಿಯರಲ್ಲೊಬ್ಬಳು, "ಎರಡೂ ಸರಿ ಸಾರ್. ಅವತ್ತಿಗೆ ಅದು, ಆಮೇಲೆ ಇದು. ಮುಂದಿನ್ ವರ್ಷ ಇನ್ನೊಂದ್ ಬರುತ್ತೆ" ಎಂದಳು. ಸಾಹೇಬರು ವರದಿಯಲ್ಲಿ 'ನವೀನ ವಿಧಾನ' ಎಂದು ಬರೆದು ಹೋದರು. ಅದು ನನ್ನ ತಲೆಗೇರಿತು. ತರಬೇತಿ ಶಿಬಿರಗಳಿಗೆ ನನ್ನನ್ನು ಕರೆದು ಮಾತಾಡಿಸತೊಡಗಿದರು. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಮನುಷ್ಯ ತನ್ನ ಕೆಲಸವನ್ನು ಮತ್ತೆ ತಿರುಗಿಸಿ ನೋಡುವುದಿಲ್ಲ.

ತೊಂಬತ್ತರ ದಶಕದ ಕೊನೆಗೆ ಕೃಷ್ಣರಾಜಪುರದ ಆಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿದ್ದೆ. ಮನೆ ಹಲಸೂರಿನಲ್ಲೇ. ಅಷ್ಟರಲ್ಲಿ ನನ್ನ ವಿಧಾನಕ್ಕೆ ಒಂದು ಬಾಲವೂ ಸೇರಿತ್ತು. ಸೋಮವಾರ ಪೇಪರಿನ ತುಣುಕು ಓದುವುದು, ಶುಕ್ರವಾರ ಪ್ರತಿಯೊಬ್ಬರೂ ತಮ್ಮ ಮನೆಯ, ಬೀದಿಯ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಹೋಲಿಕೆಯ ವಾಕ್ಯ ಬರೆದು ಕೊಡುವುದು. ಪೇಪರಿನವರು ಭೂಮಿಯನ್ನು ಅಳೆದ ಹಾಗೆ ನೀವು ನಿಮ್ಮ ಅಂಗಳವನ್ನು ಅಳೆಯಿರಿ ಎನ್ನುತ್ತಿದ್ದೆ. ಒಂದು ಕಟ್ಟಪ್ಪಣೆಯನ್ನೂ ಮಾಡಿದ್ದೆ: "ನಿಜ ಬರೀಬೇಕು. ಸುಳ್ಳು ಬರೆದ್ರೆ ಮಾರ್ಕ್ಸ್ ಕಟ್."

ಅರವತ್ತೆಂಟು ಮಕ್ಕಳು, ಅರವತ್ತೆಂಟು ನೋಟ್‌ಬುಕ್ಕು. ಶುಕ್ರವಾರ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ದೂರವಾಣಿ ನಗರ ಬರುವಷ್ಟರಲ್ಲಿ ಅರ್ಧ, ಇಂದಿರಾನಗರ ದಾಟುವಷ್ಟರಲ್ಲಿ ಎಲ್ಲವನ್ನೂ ಮುಗಿಸುತ್ತಿದ್ದೆ. ಆ ವೇಗ ಹೇಗೆ ಬಂತೆಂದರೆ, ಕಣ್ಣು ವಾಕ್ಯದಲ್ಲಿ ಹೋಲಿಕೆಯ ಪದವನ್ನು ಮಾತ್ರ ಹುಡುಕುತ್ತಿತ್ತು. ಅದು ಸರಿಯಿದ್ದರೆ ಟಿಕ್ಕು, ತಪ್ಪಿದ್ದರೆ ಕೆಂಪು ಗೆರೆ. ಉಳಿದ ಪದಗಳು ಬಸ್ಸಿನ ಹೊರಗಿನ ಅಂಗಡಿಗಳ ಹಾಗೆ ಸರಿದು ಹೋಗುತ್ತಿದ್ದವು. ನನ್ನ ಸಹೋದ್ಯೋಗಿ, ವಿಜ್ಞಾನದ ಜೋಸೆಫ್ ಮಾಸ್ತರು, "ಮೇಡಂ, ನೀವು ಮನುಷ್ಯರಾ ಮಿಷನ್ನಾ?" ಎಂದು ಕೇಳುವರು. ನಾನು ಅದನ್ನು ಮೆಚ್ಚುಗೆ ಎಂದೇ ಇಟ್ಟುಕೊಂಡಿದ್ದೆ.

ಆ ತರಗತಿಯಲ್ಲಿ ಯಶೋದ ಎಂಬ ಹುಡುಗಿ ಇದ್ದಳು. ಮಾತು ಕಡಿಮೆ, ಅಕ್ಷರ ಕೋಳಿ ಕಾಲು. ಅವಳ ತಂದೆ ಮುನಿಶಾಮಪ್ಪನವರು ಅದೇ ಹಳ್ಳಿಯ ಹಳಬರು, ಹಿಂದೆ ಸೊಪ್ಪು, ರಾಗಿ ಬೆಳೆಯುತ್ತಿದ್ದವರು. ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಹತ್ತು ಮನೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಸಾಲಿನ ತುದಿಯಲ್ಲಿ ಅವರ ಬೋರು. ಹತ್ತು ಮನೆಗೂ ಅದೇ ನೀರು.

ಡಿಸೆಂಬರಿನಲ್ಲಿ ಯಶೋದ ಒಂದು ವಾರ ಶಾಲೆಗೆ ಬರಲಿಲ್ಲ. ಒಂಬತ್ತು ವರ್ಷದ ತಂಗಿ ಗೀತಾಗೆ ಕಾಮಾಲೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ಪಾಪ ಎಂದೆ, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿಗೆಂದು ನೋಟ್‌ಬುಕ್‌ಗಳನ್ನು ತಿರುವುತ್ತಿದ್ದೆ. ಯಶೋದಳ ಪುಸ್ತಕ ಬಂತು. ಅವಳಿಲ್ಲವಲ್ಲ ಎಂಬ ಕಾರಣಕ್ಕೋ ಏನೋ, ಮೊದಲ ಬಾರಿ ಅದನ್ನು ಓದಿದೆ.

ಮೂರು ಶುಕ್ರವಾರ, ಒಂಬತ್ತು ವಾಕ್ಯ. ಅವನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೊದಲ ವಾರ: 'ನಮ್ಮ ಬೋರಿನ ನೀರು ಕಳೆದ ತಿಂಗಳಿಗಿಂತ ಹೆಚ್ಚು ನಾರುತ್ತದೆ. ಗೀತಾ ಕಳೆದ ವಾರಕ್ಕಿಂತ ಕಡಿಮೆ ಊಟ ಮಾಡುತ್ತಾಳೆ. ಊರಿಗೆಲ್ಲ ನಮ್ಮ ನೀರೇ ಅತ್ಯುತ್ತಮ ಎಂದು ಅಪ್ಪ ಹೇಳುತ್ತಾರೆ.' ಎರಡನೇ ವಾರ: 'ಮೂರನೇ ಮನೆಯ ಮಗುವಿಗೆ ಗೀತಾಗಿಂತ ಹೆಚ್ಚು ಜ್ವರ. ಗೀತಾಳ ಕಣ್ಣು ನನ್ನ ಕಣ್ಣಿಗಿಂತ ಹಳದಿ. ಅಮ್ಮ ಅಪ್ಪನಿಗೆ ನನಗಿಂತ ಹೆಚ್ಚು ಹೆದರುತ್ತಾಳೆ.' ಮೂರನೇ ವಾರ: 'ಗೀತಾ ಎರಡು ಮೆಟ್ಟಿಲು ಹತ್ತಲಾರದಷ್ಟು ಸೋತಿದ್ದಾಳೆ, ಕಳೆದ ವಾರಕ್ಕಿಂತ ಸೋತಿದ್ದಾಳೆ. ನಮ್ಮ ನೀರೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ನನಗೆ ಅನಿಸುತ್ತದೆ. ನನಗೆ ಎಲ್ಲರಿಗಿಂತ ಹೆಚ್ಚು ಭಯವಾಗುತ್ತಿದೆ.'

ಎರಡು ಕಡೆ ಕೆಂಪು ಗೆರೆ ಎಳೆದು ತಿದ್ದಿದ್ದೆ. ಮೂರೂ ವಾರದ ಕೆಳಗೆ, ಹತ್ತಕ್ಕೆ ಎಂಟು. ಗುಡ್. ಅಕ್ಷರ ಸುಧಾರಿಸಲಿ. ಸಹಿ ನನ್ನದೇ.

ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಅಪ್ಪನ ಕಣ್ಣಿಗೆ ಬಿದ್ದರೂ ತಿಳಿಯದ ಭಾಷೆಯಲ್ಲಿ, ಆ ಭಾಷೆ ತಿಳಿದ ಒಬ್ಬಳೇ ಒಬ್ಬಳಿಗೆ ಆ ಮಗು ಮೂರು ವಾರ ಕಾಗದ ಬರೆದಿತ್ತು. ನಿಜ ಬರೆಯಬೇಕು ಎಂದು ಹೇಳಿದವಳೂ ನಾನೇ. ಅಂಥ ಟೀಚರು ಆ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ, ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ.

ಸಂಜೆಯೇ ಅವರ ಮನೆಗೆ ಹೋದೆ. ಯಶೋದ ಆಸ್ಪತ್ರೆಯಲ್ಲಿ ತಂಗಿಯ ಹತ್ತಿರ ಇದ್ದಳು. ತಾಯಿಯೊಬ್ಬರೇ ಬುತ್ತಿ ಕಟ್ಟುತ್ತಿದ್ದರು. ನೋಟ್‌ಬುಕ್ಕಿನ ಮಾತೆತ್ತದೆ, ನೀರನ್ನು ಮರಳಿಸಿಯೇ ಕುಡಿಯಿರಿ, ಹತ್ತು ಮನೆಗೂ ಹೇಳಿ ಎಂದೆ.

"ಡಾಕ್ಟ್ರೂ ಅದೇ ಅಂದ್ರು ಮಿಸ್. ನಾನೇನೋ ಕಾಯಿಸ್ತೀನಿ. ಬಾಡಿಗೆಯೋರ್ಗೆ ಹೇಳೋಕಾಗಲ್ಲ. ಅವ್ರಿಗೆ ಗೊತ್ತಾದ್ರೆ ಸುಮ್ನೆ ಬಿಡಲ್ಲ" ಎಂದರು. 'ಅವರು' ಎಂದರೆ ಗಂಡ.

ಅಷ್ಟರಲ್ಲಿ ಮುನಿಶಾಮಪ್ಪನವರೇ ಬಂದರು. ಮಗಳ ಟೀಚರೆಂದು ಕುರ್ಚಿ ಹಾಕಿಸಿದರು. ನೀರಿನ ಮಾತು ತೆಗೆದದ್ದೇ ಮುಖ ಬಿಗಿಯಿತು. "ನೋಡಿ ಮೇಡಮ್ಮೋರೆ, ಈ ಮಣ್ಣಲ್ಲಿ ನಮ್ ತಾತ ಬಾವಿ ತೋಡಿದ್ರು. ಇದ್ರ ನೀರ್ ಕುಡ್ದೇ ನಾವೆಲ್ಲ ಬೆಳ್ದಿರೋದು. ಮಗೀಗೆ ಹೊರ್ಗಡೆ ಬೋಂಡ ತಿಂದು ಹಿಂಗಾಗೈತೆ. ನೀರ್ ಮೇಲೆ ಯಾರು ನಿಮ್ಗೆ ಹೇಳಿದ್ದು?"

ನೋಟ್‌ಬುಕ್ ನನ್ನ ಚೀಲದಲ್ಲೇ ಇತ್ತು. ತೆಗೆದು ಓದಿ ಹೇಳಿದರೆ ಒಂದು ನಿಮಿಷದ ಕೆಲಸ. ಆದರೆ ಯಾರು ಹೇಳಿದ್ದು ಎಂಬ ಆ ಪ್ರಶ್ನೆಯ ದನಿ ಕೇಳಿದ ಮೇಲೆ ಕೈ ಚೀಲದೊಳಗೆ ಹೋಗಲಿಲ್ಲ. ಹೋಗಿದ್ದರೆ ಯಶೋದಳ ಶಾಲೆ ಅಂದಿಗೇ ಮುಗಿಯುತ್ತಿತ್ತು. "ಯಾರೂ ಹೇಳ್ಲಿಲ್ಲ, ಹಾಗೇ ಕೇಳ್ದೆ" ಎಂದು ಎದ್ದು ಬಂದೆ. ನಾನು ಆಡಿದ ಸುಳ್ಳುಗಳಲ್ಲಿ ಅದೊಂದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಬೆಳಗ್ಗೆ ಜೋಸೆಫ್ ಮಾಸ್ತರಿಗೆ ಎಲ್ಲ ಹೇಳಿದೆ. ಅವರು ಪುಲಿಕೇಶಿನಗರದವರು, ಕನ್ನಡ ಸ್ವಲ್ಪ ತಮಿಳಿನ ಕಡೆ ವಾಲುತ್ತಿತ್ತು, ಮನಸ್ಸು ಬಂಗಾರ. "ಆರೋಗ್ಯ ಕೇಂದ್ರದಲ್ಲಿ ಚಿಕ್ಕ ಚಿಕ್ಕ ಬಾಟ್ಲು ಕೊಡ್ತಾರೆ ಮೇಡಂ. ನೀರು ತುಂಬಿಸಿ ಎರಡು ದಿವಸ ಇಡ್ಬೇಕು. ಚರಂಡಿ ಗಲೀಜು ಸೇರಿದ್ರೆ ಕಪ್ಪಾಗ್ಬಿಡುತ್ತೆ. ಚೆನ್ನಾಗಿದ್ರೆ ಹಂಗೇ ಇರುತ್ತೆ" ಎಂದರು. ಮಧ್ಯಾಹ್ನಕ್ಕೆ ಹನ್ನೆರಡು ಬಾಟಲಿ ತಂದರು.

ಒಂದೇ ಮನೆಯ ನೀರು ತಂದರೆ ಅದು ದೂರು. ಹನ್ನೆರಡು ಕಡೆಯಿಂದ ತಂದರೆ ಅದು ಪಾಠ. ಆದ್ದರಿಂದ ಇಡೀ ತರಗತಿಗೆ ಕೆಲಸ ಹಂಚಿದೆವು. ಕೊಳಾಯಿ, ಟ್ಯಾಂಕರು, ಕೆರೆ, ಶಾಲೆಯ ತೊಟ್ಟಿ, ಏಳೆಂಟು ಮನೆಗಳ ಬೋರು. ಬಾಟಲಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಎಲ್ಲಿಯದು ಎಂದು ಬರೆದ ಚೀಟಿ ಮಾಸ್ತರ ಜೇಬಿನಲ್ಲಿ. ಮುನಿಶಾಮಪ್ಪನವರ ಬೋರಿನ ನೀರನ್ನು ಪಕ್ಕದ ಮನೆಯ ಹುಡುಗಿಯೇ ತನ್ನ ಮನೆ ನಲ್ಲಿಯಿಂದ ತಂದಳು. ಅವಳು ಆ ಸಾಲಿನ ಬಾಡಿಗೆದಾರರ ಮಗಳು.

ಎರಡು ದಿನ ಕಳೆದು ಶನಿವಾರ ಬೆಳಗ್ಗೆ ಪೋಷಕರನ್ನು ಕರೆಸಿದೆವು. ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಮುನಿಶಾಮಪ್ಪನವರು ಬರುತ್ತಾರೋ ಇಲ್ಲವೋ ಎಂದು ನಾನು ಗೇಟಿನ ಕಡೆಯೇ ನೋಡುತ್ತಿದ್ದೆ. ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ಊರಿನ ಹಿರಿಯರೆಂದು ಮುಂದೆ ನಿಂತರು. ಕಪ್ಪಾದರೆ ಕುಡಿಯಬಾರದ ನೀರು ಎಂದು ಮಾಸ್ತರು ವಿವರಿಸಿದರು. ಕೆಲವು ತಿಳಿಯಾಗಿದ್ದವು, ಕೆರೆಯದು ಕಪ್ಪು, ಇನ್ನೆರಡು ಬೂದು. ಏಳನೆಯದು ಮಸಿಯಂತಿತ್ತು.

ಮುನಿಶಾಮಪ್ಪನವರು ಬಗ್ಗಿ ನೋಡಿ ಮುಖ ಸಿಂಡರಿಸಿದರು. "ಕೆರೆಗಿಂತ ಕರ್ರಗೈತಲ್ಲ ಇದು! ಯಾರ್ ಮನೇದ್ರಿ ಇದು? ಮನುಷ್ರು ಕುಡೀತಾರಾ ಇದ್ನ? ಮೊದ್ಲು ಹೋಗಿ ಮುಚ್ಸ್ರಿ ಅದ್ನ!"

ಮಾಸ್ತರು ಜೇಬಿನಿಂದ ಚೀಟಿ ತೆಗೆದರು, ಓದಲಿಲ್ಲ, ಅವರ ಕೈಗೇ ಕೊಟ್ಟರು. ಕನ್ನಡದಲ್ಲಿ ಬರೆದಿತ್ತು. ಅವರು ಬೆರಳಿಟ್ಟು ಏಳನೇ ಸಾಲಿಗೆ ಇಳಿದರು. ಬೆರಳು ಅಲ್ಲೇ ನಿಂತಿತು.

"ನಮ್ದಾ?" ಎಂದರು.

"ಹೌದು ಯಜಮಾನ್ರೆ" ಎಂದರು ಮಾಸ್ತರು.

ಹತ್ತು ಮನೆಯ ಶೌಚದ ಗುಂಡಿಯನ್ನು ಬೋರಿನಿಂದ ಎಂಟು ಹೆಜ್ಜೆ ದೂರದಲ್ಲಿ ತೋಡಿಸಿದ್ದರು. ತಾತನ ಬಾವಿಯ ಕಾಲದಲ್ಲಿ ಅಲ್ಲಿ ಗುಂಡಿ ಇರಲಿಲ್ಲ, ಹೊಲವಿತ್ತು. ಅದನ್ನು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಅವರು ರೂಮಿನಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಹತ್ತಿರ ಹೋದಾಗ, "ನಾನೇ ಕುಡ್ಸ್ದೆ ಮೇಡಮ್ಮೋರೆ, ನನ್ ಕೈಯಾರ. ಜ್ವರ ಬಂದಾಗ ಜಾಸ್ತಿ ನೀರ್ ಕುಡೀಲಿ ಅಂತ" ಎಂದರು. ಕಟುವಾದ ಮನುಷ್ಯ ಎಂದುಕೊಂಡಿದ್ದೆ. ಅವತ್ತು ಅವರ ಪಕ್ಕ ಅದೇ ಮೆಟ್ಟಿಲ ಮೇಲೆ ನಾನೂ ಕೂತೆ. ನನಗೂ ಮುಖ ಒರೆಸಿಕೊಳ್ಳಬೇಕಾಗಿತ್ತು.

ಅಂದೇ ಬೋರಿನ ಮೋಟಾರಿನ ವೈರು ಕಿತ್ತರು. ಹತ್ತೂ ಮನೆಯ ಬಾಗಿಲಿಗೆ ತಾವೇ ಹೋಗಿ ವಿಷಯ ಹೇಳಿದರು. ಸಾಲಿಗೆ ಟ್ಯಾಂಕರ್ ನೀರು ಬಂತು, ಗುಂಡಿ ಆಚೆಗೆ ಹೋಯಿತು. ಗೀತಾ ಆಸ್ಪತ್ರೆಯಿಂದ ಬಂದಳು. ಮೂರನೇ ಮನೆಯ ಮಗುವೂ ಚೇತರಿಸಿಕೊಂಡಿತು. ಇನ್ನೊಂದೆರಡು ವಾರ ಸಾಲಿನವರೆಲ್ಲ ಅದೇ ನೀರು ಕುಡಿದಿದ್ದರೆ ಹೇಗೋ ಏನೋ ಎಂದು ಡಾಕ್ಟರು ಹೇಳಿದರಂತೆ. ಆ ಎರಡು ವಾರವನ್ನು ನಾನು ಬಸ್ಸಿನಲ್ಲಿ ಟಿಕ್ಕು ಹಾಕುತ್ತಾ ಕಳೆದುಬಿಡಬಹುದಿತ್ತು.

ಯಶೋದ ಶಾಲೆಗೆ ಮರಳಿದ ದಿನ ಅವಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡೆ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡರೆ ಶಿಸ್ತು ಕೆಡುತ್ತದೆ ಎಂದು ನಮಗೆ ಕಲಿಸಿದ್ದರು. ಕೆಟ್ಟರೆ ಕೆಡಲಿ ಎಂದುಕೊಂಡೆ.

"ಯಶೋದಾ, ನೀನು ಬರ್ದಿದ್ದನ್ನ ನಾನು ಓದಿರ್ಲಿಲ್ಲ ಕಣಮ್ಮ. ಬರೀ ತಿದ್ದಿದ್ದೆ."

"ಗೊತ್ತು ಮಿಸ್" ಎಂದಳು. "ಮೊದಲ್ನೇ ವಾರ ಗುಡ್ ಅಂತ ಹಾಕಿದ್ರಲ್ಲ, ಆವಾಗ್ಲೇ ಗೊತ್ತಾಯ್ತು."

"ಮತ್ತೆ ಇನ್ನೂ ಎರಡು ವಾರ ಯಾಕೆ ಬರ್ದೆ?"

ಅವಳು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದಳು. "ಇನ್ಯಾರಿಗ್ ಬರೀಲಿ ಮಿಸ್?"

ಅದಾದ ಮೇಲೆ ನಾನು ಬಸ್ಸಿನಲ್ಲಿ ನೋಟ್‌ಬುಕ್ ತೆಗೆಯಲಿಲ್ಲ. ಮನೆಯಲ್ಲಿ ಕೂತು ಮೊದಲು ಕೆಂಪು ಪೆನ್ನಿನ ಮುಚ್ಚಳ ಹಾಕಿಟ್ಟು ಎಲ್ಲವನ್ನೂ ಒಮ್ಮೆ ಓದುತ್ತಿದ್ದೆ, ಪಕ್ಕದ ಮನೆಯವರು ಕಷ್ಟ ಸುಖ ಹೇಳಿದಾಗ ಕೇಳುವ ಹಾಗೆ. ಆಮೇಲೆ ಪೆನ್ನು. ಕೆಲಸ ದುಪ್ಪಟ್ಟಾಯಿತು, ನೋಟ್‌ಬುಕ್ ಹಿಂದಿರುಗಿಸುವುದು ಬುಧವಾರಕ್ಕೆ ಹೋಯಿತು, ಹೆಡ್‌ಮಾಸ್ಟರು ಎರಡು ಸಲ ಮೆಮೊ ಕೊಟ್ಟರು. ಹೊಸ ಪದ್ಧತಿಗಳು ಬಂದವು, ಹೋದವು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವ ಕಾಲವೂ ಬಂತು. ನೀವು ಯಾವುದರಲ್ಲಿ ಬೇಕಾದರೂ ತಿದ್ದಿ. ಓದಿದ ಮೇಲೆ ತಿದ್ದಿ, ನಾನು ಕೇಳುವುದು ಅಷ್ಟೇ.

ಆ ಶಾಲಾ ವರ್ಷದ ಕೊನೆಯ ಶುಕ್ರವಾರ ಯಶೋದ ಬರೆದ ಮೂರು ವಾಕ್ಯ ಇವು: 'ಟ್ಯಾಂಕರ್ ನೀರು ಬೋರಿನ ನೀರಿಗಿಂತ ಸಪ್ಪೆ. ಅಪ್ಪ ಮೊದಲಿಗಿಂತ ಕಡಿಮೆ ಮಾತಾಡುತ್ತಾರೆ. ಗೀತಾ ಈಗ ನನಗಿಂತ ಹೆಚ್ಚು ತಿನ್ನುತ್ತಾಳೆ, ನನಗಿಂತ ಜೋರಾಗಿ ಜಗಳವಾಡುತ್ತಾಳೆ, ಬೀದಿಗೆಲ್ಲ ಅವಳೇ ಅತಿ ಗಲಾಟೆಯವಳು.'

ಮುಚ್ಚಳ ಹಾಕಿದ ಪೆನ್ನನ್ನು ಪಕ್ಕಕ್ಕಿಟ್ಟು ಅದನ್ನು ಎರಡು ಸಲ ಓದಿದೆ. ಕೊನೆಯ ವಾಕ್ಯದಲ್ಲಿ ಎರಡು ತಪ್ಪಿದ್ದವು. ಕಣ್ಣು ಮಂಜಾಗಿದ್ದರಿಂದ ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದು ಎರಡನ್ನೂ ತಿದ್ದಿದೆ. ಗುಡ್ ಎಂದು ಹಾಕಲಿಲ್ಲ. ಕೆಳಗೆ, ಅವಳ ಮನೆಯಲ್ಲಿ ಎಲ್ಲರಿಗೂ ಓದಲು ಬರುವಂತೆ ಕನ್ನಡದಲ್ಲಿ ಬರೆದೆ: 'ಓದಿದೆ.'